ಎರಡನೇ ಬೇಲಿ

“ಇನ್ನೂ ಬದುಕಿದ್ದೀಯಾ?” ಎನ್ನುತ್ತಾ ಥಾಲಿಯಾ ಬಾಗಿಲು ತಟ್ಟದೆ ಒಳಗೆ ಬಂದಳು. ಕೈಯಲ್ಲಿ ಮಂಜುಗಡ್ಡೆ ತುಂಬಿದ ಡಬ್ಬಿ, ಅದರೊಳಗೆ ರಕ್ತದ ಕೋಶಗಳ ನಳಿಕೆಗಳು. ಬಿಳಿ ಕೋಟಿನ ಗುಂಡಿ ಎಂದಿನಂತೆ ಒಂದು ಮೇಲೆ, ಒಂದು ಕೆಳಗೆ.

“ನಿನ್ನ ಕೋಶಗಳಿಗಿಂತ ಚೆನ್ನಾಗಿದ್ದೀನಿ,” ಎಂದೆ.

ಏಳು ವರ್ಷಗಳಿಂದ ಪ್ರತಿ ಗುರುವಾರ ಹೀಗೆಯೇ. ಮೆಲ್ಬರ್ನ್‌ನ ನಮ್ಮ ಸಂಶೋಧನಾ ಸಂಸ್ಥೆಯ ನೆಲಮಾಳಿಗೆಯಲ್ಲಿ, ಕಿಟಕಿಯೇ ಇಲ್ಲದ ಈ ತಣ್ಣನೆಯ ಕೋಣೆ ನನ್ನದು. ಇಲ್ಲಿನ ಯಂತ್ರ ಕೋಶಗಳನ್ನು ಒಂದೊಂದಾಗಿ ಲೇಸರ್ ಬೆಳಕಿನ ಮುಂದೆ ಹಾಯಿಸುತ್ತದೆ. ಒಂದು ಕೋಶಕ್ಕೆ ಪರದೆಯ ಮೇಲೆ ಒಂದು ಚುಕ್ಕಿ. ಬೇಕಾದ ಚುಕ್ಕಿಗಳ ಸುತ್ತ ನಾವು ಬೇಲಿ ಎಳೆದರೆ, ಯಂತ್ರ ಅವನ್ನಷ್ಟೇ ಆರಿಸಿ ಕೊಡುತ್ತದೆ. ಐದು ಗಂಟೆಯ ಕೆಲಸ. ಒಮ್ಮೆ ಶುರುವಾದರೆ ಇಬ್ಬರೂ ಜಾಗ ಬಿಟ್ಟು ಏಳುವ ಹಾಗಿಲ್ಲ.

ಆ ಐದು ಗಂಟೆಗಾಗಿಯೇ ನಾನು ಉಳಿದ ವಾರವನ್ನು ಹೇಗೋ ತಳ್ಳುತ್ತಿದ್ದೆ. ಅವಳಿಗೆ ಮಾತ್ರ ಹೇಳಿರಲಿಲ್ಲ.

“ನಾಳೆ ಸಂದರ್ಶನ ರೋರಿ,” ಎಂದಳು, ಸ್ಟೂಲು ಎಳೆದುಕೊಂಡು. “ಐದು ವರ್ಷದ ಫೆಲೋಶಿಪ್. ಸಿಕ್ಕಿದ್ರೆ ಇನ್ನೈದು ವರ್ಷ ನಿನ್ನ ಮುಖ ನೋಡ್ಬೇಕು.”

“ಯಾವ ತಪ್ಪಿಗೆ ಮಾರಾಯ್ತಿ ಇಷ್ಟು ಶಿಕ್ಷೆ?”

ಅವಳು ನಗಲಿಲ್ಲ. “ಕೆಲವು ಸಲ ಓಡಿ ಹೋಗೋಣ ಅನ್ಸುತ್ತೆ. ಪ್ರತಿ ಡಿಸೆಂಬರ್ ಪ್ರೊಫೆಸರ್ ಗ್ರೇಮ್ ಎದುರು ನಿಂತು, ಇನ್ನೊಂದು ವರ್ಷ ಇಟ್ಕೊಳ್ತೀರಾ ಅಂತ ಕೇಳೋದು. ಆದ್ರೆ ಈ ಕೋಶ ಕಂಡುಹಿಡಿದವಳು ನಾನು. ಬಿಟ್ಟು ಎಲ್ಲಿಗೆ ಹೋಗ್ಲಿ?”

ಆ ಕೋಶದ ಮೇಲೆಯೇ ಅವಳ ಬದುಕು ನಿಂತಿತ್ತು. ನಮ್ಮ ದೇಹವನ್ನು ಕಾಯುವ ಕೋಶಗಳಲ್ಲಿ ಕೆಲವಕ್ಕೆ ಕೆಂಪು ಗುರುತು ಅಂಟುತ್ತದೆ, ಬೇರೆ ಕೆಲವಕ್ಕೆ ಹಸಿರು. ಎರಡೂ ಅಂಟುವ ಕೋಶವನ್ನು ತೋರಿಸಿದವಳು ಥಾಲಿಯಾ. ಪ್ರಬಂಧ ಅಚ್ಚಾಯಿತು, ಪ್ರೊಫೆಸರ್ ಗ್ರೇಮ್ ಹೆಸರು ಮಾಡಿದರು, ಅವಳು ಅಲ್ಲೇ ಸಿಕ್ಕಿಕೊಂಡಳು.

ಮತ್ತು ಎರಡು ದಿನಗಳಿಂದ ನಾನೂ ಸಿಕ್ಕಿಕೊಂಡಿದ್ದೆ. ಮಂಗಳವಾರ ಕಂಪ್ಯೂಟರಿನ ಹಳೆಯ ಫೈಲುಗಳನ್ನು ಸ್ವಚ್ಛ ಮಾಡುವಾಗ ಅವಳದನ್ನು ತೆರೆದಿದ್ದೆ. ಸತ್ತ ಕೋಶಗಳನ್ನು ತಡೆಯುವ ಮೊದಲ ಬೇಲಿ ಇತ್ತು. ಎರಡನೇ ಬೇಲಿ ಇರಲಿಲ್ಲ. ಕೆಂಪು ಕೋಶವೊಂದು ಹಸಿರಿಗೆ ಅಂಟಿಕೊಂಡು ಬಂದರೆ ಯಂತ್ರ ಜೋಡಿಯನ್ನು ಎರಡೂ ಗುರುತಿರುವ ಒಂದೇ ಕೋಶವೆಂದು ಎಣಿಸುತ್ತದೆ. ಹಾಗೆ ಆಗದಿರಲೆಂದೇ ಎರಡನೇ ಬೇಲಿ. ಆ ಫೈಲು ಮಾಡಿಕೊಟ್ಟವನು ನಾನೇ, ಕೆಲಸಕ್ಕೆ ಸೇರಿದ ಮೊದಲ ವಾರದಲ್ಲಿ.

ಹೇಳಿದರೆ ಅವಳ ಏಳು ವರ್ಷ ಹೋಗುತ್ತದೆ, ನನ್ನ ಗುರುವಾರಗಳೂ ಹೋಗುತ್ತವೆ. ಹೇಳದಿದ್ದರೆ ನಾಳೆ ಅವಳು ಸುಳ್ಳೆಂದು ಗೊತ್ತಿಲ್ಲದ ಸುಳ್ಳನ್ನು ಹೇಳಿ ಇನ್ನೈದು ವರ್ಷ ಕೈಕಾಲು ಕಟ್ಟಿಸಿಕೊಳ್ಳುತ್ತಾಳೆ.

ಯಂತ್ರ ಶುರುವಾಗಿ ಅರ್ಧ ಗಂಟೆಯಾದ ಮೇಲೆ ಹೇಳಿದೆ. ಒಂದೇ ಉಸಿರಿಗೆ.

ಅವಳು ಪರದೆಯನ್ನೇ ನೋಡುತ್ತಿದ್ದಳು. “ಎಳಿ,” ಎಂದಳು.

“ಥಾಲಿಯಾ…”

“ಎಳಿ ಅಂದೆ. ಬೇಲಿ.”

ಎಳೆದೆ. ಮೂಲೆಯಲ್ಲಿ ಗುಂಪಾಗಿದ್ದ, ಎರಡೂ ಗುರುತಿನ ಮುನ್ನೂರು ಚುಕ್ಕಿಗಳು ಮಾಯವಾದವು. ಮೂರು ಉಳಿದವು.

“ಯಾವಾಗ ಗೊತ್ತಾಯ್ತು?”

“ಮಂಗಳವಾರ.”

“ಎರಡು ದಿನ ಏನ್ ಮಾಡ್ತಿದ್ದೆ?”

“ಹೆದರ್ತಿದ್ದೆ.”

ಇನ್ನೂ ನಾಲ್ಕೂವರೆ ಗಂಟೆಯ ಕೆಲಸವಿತ್ತು. ಅದು ಯಾರೋ ರೋಗಿ ಕೊಟ್ಟ ರಕ್ತ, ಚೆಲ್ಲುವ ಹಾಗಿಲ್ಲ. ಉಳಿದ ಕೆಂಪು, ಹಸಿರು ಕೋಶಗಳಾದರೂ ಬೇರೆಯವರಿಗೆ ಬೇಕಿದ್ದವು. ಮೊಣಕೈಗೆ ಮೊಣಕೈ ತಗಲುವ ಆ ಕೋಣೆಯಲ್ಲಿ ಚುಕ್ಕಿಗಳನ್ನೇ ನೋಡುತ್ತಾ ಕುಳಿತೆವು. ಕೊನೆಗೆ ಅವಳು ಡಬ್ಬಿ ಎತ್ತಿಕೊಂಡು, ನನ್ನ ಕಡೆ ನೋಡದೆ ಹೋದಳು. ಅಷ್ಟು ಉದ್ದದ ಗುರುವಾರವನ್ನು ನಾನು ಕಂಡಿರಲಿಲ್ಲ.

ನಮ್ಮಲ್ಲಿ ತಪ್ಪು ಮಾಡಿದವರು ಕೇಕ್ ತರಬೇಕು. ಫ್ರೀಜರ್ ಬಾಗಿಲು ಮುಚ್ಚಲು ಮರೆತರೂ ಕೇಕ್. ಎಲ್ಲರೂ ಬೆಳಗಿನ ಚಹಾದ ಜೊತೆ ತಿಂದು, ನಾಲ್ಕು ಮಾತು ಅಣಕಿಸಿ ಮರೆತುಬಿಡುತ್ತಾರೆ. ಸೋಮವಾರ ನಾನು ಕ್ಯಾರೆಟ್ ಕೇಕ್ ಒಯ್ದೆ. ಯಾರೂ ಅಣಕಿಸಲಿಲ್ಲ. ಥಾಲಿಯಾ ಬಂದಿರಲಿಲ್ಲ. ಸಂದರ್ಶನದಲ್ಲಿ ಎಲ್ಲವನ್ನೂ ಅವಳೇ ಹೇಳಿದಳಂತೆ, ಪ್ರಬಂಧ ವಾಪಸ್ ಪಡೆಯಲು ಪತ್ರಿಕೆಗೂ ಬರೆದಳಂತೆ.

ಮುಂದಿನ ಗುರುವಾರ ಬುಕಿಂಗ್ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ. ಆರಿಸುವುದಕ್ಕೆ ಏನೂ ಇಲ್ಲದಿದ್ದರೂ ನಾನು ಯಂತ್ರ ಹಚ್ಚಿ ಕುಳಿತಿದ್ದೆ.

ಬಾಗಿಲು ತಟ್ಟಿದ ಸದ್ದಾಯಿತು. ಏಳು ವರ್ಷದಲ್ಲಿ ಮೊದಲ ಬಾರಿ ತಟ್ಟಿದ್ದಳು. ಕೋಟಿಲ್ಲ, ಹಳದಿ ಸ್ವೆಟರ್, ಕೈಯಲ್ಲಿ ಅವಳಮ್ಮನ ಕಿತ್ತಳೆ ಕೇಕಿನ ಡಬ್ಬಿ.

“ಕೇಕ್ ತರ್ಬೇಕಾದವನು ನಾನು. ತಂದಾಯ್ತು,” ಎಂದೆ.

“ನಂದೂ ತಪ್ಪಿದೆ. ಬೇಲಿ ಇದೆಯಾ ಅಂತ ನೋಡೋದು ನನ್ನ ಕೆಲಸ. ಏಳು ವರ್ಷ ಪರದೆ ನನ್ನೆದುರೇ ಇತ್ತು. ನಾನು ಅದನ್ನ ನೋಡ್ತಾನೇ ಇರ್ಲಿಲ್ಲ.”

“ಮತ್ತೇನ್ ನೋಡ್ತಿದ್ದೆ?”

“ಪೆದ್ದ,” ಎಂದಳು. ಕೆನ್ನೆ ಕೆಂಪಾಗಿತ್ತು, ಆದರೆ ಕಣ್ಣು ತಗ್ಗಿಸಲಿಲ್ಲ. “ಅದರ ಬೆಳಕು ನಿನ್ನ ಮುಖದ ಮೇಲೆ ಬೀಳ್ತಿತ್ತಲ್ಲ, ಅದನ್ನ.”

ನಾನು ಸ್ಟೂಲಿನಿಂದ ಎದ್ದು ನಿಂತೆ.

“ಗ್ರೇಮ್ ಇನ್ನೊಂದು ವರ್ಷ ಇರು ಅಂದ್ರು. ಬೇಡ ಅಂದೆ. ಅಡಿಲೇಡ್‌ನಲ್ಲಿ ಪಾಠ ಮಾಡೋ ಕೆಲಸ ಸಿಕ್ಕಿದೆ.”

“ಎಂಟು ಗಂಟೆ ಡ್ರೈವ್.”

“ಹೂಂ. ದೂರ.”

“ನಿನ್ನ ಪಕ್ಕ ಐದು ಗಂಟೆ ಕೂತು ಅಭ್ಯಾಸ ಇದೆ. ಇನ್ನು ಮೂರು ತಾನೆ? ನಿನ್ನ ಬಿಟ್ಟಿರೋಕೆ ನನ್ನಿಂದ ಆಗಲ್ಲ ಥಾಲಿಯಾ.”

ಅವಳ ತುಟಿಯಂಚಿನಲ್ಲಿ ಹಳೆಯ ನಗು ಬಂತು. “ಹಾಗಿದ್ರೆ ಒಳಗೆ ಬಿಡು.”

“ಕೋಟಿಲ್ಲದೆ ಒಳಗೆ ಬಿಡೋ ಹಾಗಿಲ್ಲ.”

“ಸರಿ. ನೀನೇ ಹೊರಗೆ ಬಾ.”

ನಾನು ಯಂತ್ರ ಆರಿಸಿದೆ. ಅದರ ಗುಂಯ್‌ಗುಟ್ಟುವಿಕೆ ನಿಂತಿತು. ಕೋಟು ಬಿಚ್ಚಿ ಮೊಳೆಗೆ ಹಾಕಿ, ಅವಳ ಕೈಯಿಂದ ಡಬ್ಬಿ ತೆಗೆದುಕೊಂಡು, ಖಾಲಿಯಾದ ಆ ಕೈ ಹಿಡಿದುಕೊಂಡೆ. ಮೆಟ್ಟಿಲು ಹತ್ತಿ ಮೇಲೆ ಬಂದಾಗ ಹನ್ನೊಂದು ಗಂಟೆ. ಗುರುವಾರದ ಬಿಸಿಲು ಹೇಗಿರುತ್ತದೆಂದು ನನಗೆ ಮರೆತೇ ಹೋಗಿತ್ತು.