ನಡುವಿನ ಗುಳ್ಳೆ

ರ‍್ಯಾಂಪ್ ಕಿತ್ತುಹೋದಾಗ ಗಾಲಿಕುರ್ಚಿ ಅದರ ಅರ್ಧಕ್ಕೆ ಬಂದಿತ್ತು. ಕೂತಿದ್ದ ಮುದುಕರ ಭುಜ ಮುರಿಯಿತು. ಅಲ್ಯೂಮಿನಿಯಂ ಹಾಳೆ ಒಂದು ಕಡೆ, ಅದನ್ನು ಹೊತ್ತಿದ್ದ ಪಟ್ಟಿ ಇನ್ನೊಂದು ಕಡೆ. ಬೋಲ್ಟಿಲ್ಲ, ಬೆಸುಗೆಯಿಲ್ಲ. ಎರಡನ್ನೂ ಹಿಡಿದಿದ್ದದ್ದು ಬರೀ ಅಂಟು.

ಮರುದಿನ ಎರಡೂ ತುಂಡುಗಳು ಅವು ತಯಾರಾದ ಕಾರ್ಖಾನೆಯ ಮೇಜಿನ ಮೇಲಿದ್ದವು. ವಿಮಾ ಕಂಪನಿ ಕಳಿಸಿದ ತನಿಖೆಗಾರ್ತಿ ಭೂತಗನ್ನಡಿ ಹಿಡಿದು ಬಗ್ಗಿದ್ದಳು.

"ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಮೇಡಂ?" ಯಜಮಾನ ಬೆರಳಿಟ್ಟು ತೋರಿಸಿದ. ಅಂಟಿನ ನಟ್ಟನಡುವೆ ನಾಣ್ಯದಗಲದ ಗುಳ್ಳೆ. "ಇಲ್ಲಿ ಅಂಟೇ ಇಲ್ಲ. ಹಚ್ಚಿದವಳು ಇವಳು. ಇವತ್ತೇ ಕೆಲಸದಿಂದ ಬಿಡಿಸ್ತೀನಿ."

ಎಲ್ಲರೂ ಅಂಟಕ್ಕ ಎನ್ನುತ್ತಿದ್ದ ಆ ಹೆಂಗಸು ಆಗಲೇ ಏಪ್ರನ್ ಬಿಚ್ಚಿ ಮಡಿಸುತ್ತಿದ್ದಳು.

"ಗುಳ್ಳೆ ನಿಮ್ಮದೇನಾ?" ತನಿಖೆಗಾರ್ತಿ ಕೇಳಿದಳು.

"ನಂದೇ. ಗಾಳಿ ಸಿಕ್ಕಿಕೊಂಡಿರುತ್ತೆ. ಇಲ್ಲ ಅನ್ನಲ್ಲ."

"ಅಂಚಿನವರೆಗೂ ಹಚ್ಚಿದ್ರಾ?"

"ಹೊರಗೆ ಉಕ್ಕೋ ಹಾಗೆ. ಉಕ್ಕದಿದ್ರೆ ನಂಗೆ ನಿದ್ದೆ ಬರಲ್ಲ."

"ಆ ಉಕ್ಕಿದ್ದನ್ನ ಕೀಳೋನು ನಾನು!" ಪಾಲಿಶ್ ಮಾಡುವವನು ನಕ್ಕ. ಯಜಮಾನನ ಬಾಮೈದ, ಕೈಗೆ ಬಂದದ್ದನ್ನೆಲ್ಲ ಮುಖ ಕಾಣುವಂತೆ ತಿಕ್ಕುತ್ತಿದ್ದದ್ದಕ್ಕೆ ಅಡ್ಡಹೆಸರು ಕನ್ನಡಿ. "ಅಕ್ಕ ಗೋಡೆಗೆ ಸುಣ್ಣ ಬಳಿದ ಹಾಗೆ ಬಳೀತಾರೆ. ನಾನಾಗಿದ್ದಕ್ಕೆ ಉಗುರಲ್ಲೇ ಎಬ್ಬಿಸ್ತೀನಿ."

"ಉಗುರಲ್ಲಿ? ಉಳಿ ಬೇಡ್ವಾ?"

"ಉಳಿ ಯಾಕೆ? ಗೀರು ಬೀಳುತ್ತೆ."

ತನಿಖೆಗಾರ್ತಿ ಅಂಟಕ್ಕನ ಕಡೆ ತಿರುಗಿದಳು. "ಹಚ್ಚೋ ಮುಂಚೆ ಹಾಳೆ ಒರೆಸಿದ್ರಾ?"

"ಸ್ಪಿರಿಟ್‌ನಲ್ಲಿ. ಒಣಗೋಕೆ ಬಿಟ್ಟು ಟೀಗೆ ಹೋಗ್ತೀನಿ. ಎಲ್ಲರೂ ಹೋಗ್ತೀವಿ."

"ಎಲ್ಲರೂ?"

"ಕನ್ನಡಿ ಒಬ್ಬನ್ನ ಬಿಟ್ಟು. ಅವನಿಗೆ ಟೀ ಆಗಲ್ಲ."

ಕನ್ನಡಿಯ ನಗು ಅರ್ಧಕ್ಕೆ ನಿಂತಿತು.

ತನಿಖೆಗಾರ್ತಿ ಹಾಳೆಯ ನಡುವೆ, ಗುಳ್ಳೆಯಿದ್ದ ಜಾಗದಲ್ಲಿ, ಒಂದು ಹನಿ ನೀರು ಬಿಟ್ಟಳು. ಹನಿ ಹರಡಿತು. ಅಂಚಿನಲ್ಲೊಂದು ಹನಿ ಬಿಟ್ಟಳು. ಅದು ಮುತ್ತಿನಂತೆ ಉಂಡೆಯಾಗಿ ನಿಂತಿತು.

"ಅದೇನು?" ಯಜಮಾನ ಬಗ್ಗಿದ.

"ಮೇಣ. ಉಕ್ಕಿದ ಅಂಟು ಸುಲಭವಾಗಿ ಬರ್ಲಿ ಅಂತ ಅಂಚಿಗೆ ಸವರಿದ್ದು — ಟೀ ಹೊತ್ತಲ್ಲಿ. ಅದು ಒಳಕ್ಕೂ ಉಗುರಿನಗಲ ಹೋಗಿದೆ."

"ಉಗುರಿನಗಲ! ನಡುವೆ ಅಷ್ಟು ದೊಡ್ಡ ಗುಳ್ಳೆ ಇದೆಯಲ್ಲ ಮೇಡಂ?"

ತನಿಖೆಗಾರ್ತಿ ತನ್ನ ಹೆಬ್ಬೆರಳು ಚಾಚಿದಳು. ತರಕಾರಿ ಹೆಚ್ಚುವಾಗ ಆದ ಗಾಯಕ್ಕೆ ಹಾಕಿದ್ದ ಬ್ಯಾಂಡೇಡ್ ಪಟ್ಟಿ. "ಇದರ ನಡುವೆ ಅಂಟಿದೆಯಾ? ಬರೀ ಹತ್ತಿ. ಆದ್ರೂ ನಿಂತಿದೆ. ಕೀಳ್ಬೇಕಾದ್ರೆ ಎಲ್ಲಿಂದ ಶುರು ಮಾಡ್ತೀರಿ?"

"...ಅಂಚಿಂದ."

"ಅಂಟಿಸಿದ ಕಡೆ ಭಾರ ಸಮವಾಗಿ ಹಂಚಲ್ಲ. ಅಂಚುಗಳು ದುಡೀತವೆ, ನಡು ಆರಾಮಾಗಿ ಕೂತಿರುತ್ತೆ. ಸೋಮಾರಿ ಜಾಗದ ತೂತಿಂದ ದೊಡ್ಡ ನಷ್ಟವಿಲ್ಲ. ದುಡಿಯೋ ಅಂಚು ಬಿಟ್ಟುಕೊಟ್ರೆ ಅದರ ಹೊರೆ ಪಕ್ಕದ ಅಂಟಿನ ಮೇಲೆ ಬೀಳುತ್ತೆ. ಅದೂ ಬಿಡುತ್ತೆ. ಆಮೇಲೆ ಅದರ ಪಕ್ಕದ್ದು. ಹರಿದ ಗುರುತು ನೋಡಿ — ಎಲ್ಲಾ ಅಂಚಿಂದ ಒಳಕ್ಕೆ ಓಡಿವೆ. ಗುಳ್ಳೆಯಿಂದ ಹೊರಟಿದ್ದು ಒಂದೂ ಇಲ್ಲ."

ಎಲ್ಲರೂ ಕನ್ನಡಿಯನ್ನು ನೋಡಿದರು. ಅವನು ಯಜಮಾನನನ್ನು ನೋಡಿದ.

"ಅಂಟು ಕಾಣಬಾರ್ದು, ಒಂದು ಗೀರೂ ಇರಬಾರ್ದು ಅಂತ ದಿನಾ ಬೈತಿದ್ದದ್ದು ನೀವೇ ಅಲ್ವಾ ಭಾವ? ನಾನು ಇದೊಂದಕ್ಕೇನಾ ಮೇಣ ಹಚ್ಚಿದ್ದು?"

ಯಜಮಾನನ ಕಣ್ಣು ಬಾಗಿಲಾಚೆ ಹೋಯಿತು. ಅಲ್ಲಿ ವ್ಯಾನಿಗೆ ರ‍್ಯಾಂಪ್‌ಗಳನ್ನು ತುಂಬುತ್ತಿದ್ದರು.

ಅಂಟಕ್ಕ ಏಪ್ರನ್ ಬಿಡಿಸಿ ಮತ್ತೆ ಕಟ್ಟಿಕೊಂಡಳು.

"ಇಳಿಸ್ರಪ್ಪಾ," ಎಂದು ಕೂಗುತ್ತಾ ಹೊರಗೆ ನಡೆದಳು. "ಎಲ್ಲಾನೂ ಇಳಿಸಿ."

ಬಿಸಿಲಿಗೆ ಒಂದೊಂದರ ಅಂಚೂ ಮುಖ ಕಾಣುವಷ್ಟು ಹೊಳೆಯುತ್ತಿತ್ತು.