ಕೆಂಪು ಗುರುತಿಲ್ಲದ ನಗು

"ಆ ಟೇಪ್ ಅಳಿಸಿಬಿಡಿ!"

ಟಿವಿ ಕೇಂದ್ರದ ಟೇಪ್ ಕೋಣೆಯ ಬಾಗಿಲಲ್ಲೇ ನಿಂತು ಅವಳು ಅಂದಳು. ಕಪಾಟಿನ ಹಿಂದಿನಿಂದ ಎದ್ದುಬಂದ ಮುಖ ಕಂಡಿದ್ದೇ ತಡ, ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

ಅವನೇ... ನಗೆಬುಗ್ಗೆ!

ಹತ್ತೊಂಬತ್ತು ವರ್ಷಗಳ ಹಿಂದೆ ಇದೇ ಟಿವಿ ಕೇಂದ್ರದಿಂದ ಹಾಡು, ಕುಣಿತ, ಕಿರುಪ್ರಹಸನಗಳ ಒಂದು ಕಾರ್ಯಕ್ರಮ ನೇರಪ್ರಸಾರವಾಗುತ್ತಿತ್ತು. ಏಳೇ ವಾರಕ್ಕೆ ನಿಂತಿತು. ಈಗ ಅದರ ಹೆಸರೂ ಯಾರಿಗೂ ನೆನಪಿಲ್ಲ.

ಅವಳು ಅದರ ನಟಿ. ಅವನು ಪ್ರೇಕ್ಷಕರ ನಡುವೆ ಕೂತು ಮೊದಲು ನಗಲೆಂದೇ ಇಟ್ಟುಕೊಂಡಿದ್ದವನು; ಎಲ್ಲರೂ ನಗೆಬುಗ್ಗೆ ಎನ್ನುತ್ತಿದ್ದರು. ಅವನು ನಕ್ಕರೆ ಸಭೆಯೂ ನಗುತ್ತಿತ್ತು. ಎಲ್ಲಿ ನಗಬೇಕೆಂದು ಅವನ ಪ್ರಹಸನದ ಪ್ರತಿಯಲ್ಲಿ ಕೆಂಪು ಗುರುತು ಹಾಕಿಕೊಡುತ್ತಿದ್ದವಳು ಅವಳೇ. ತಾಲೀಮು ಮುಗಿದಾಗ ಅವಳ ಬೆರಳು ತಣ್ಣಗಾದದ್ದು ಕಂಡು, ಅವನು ತನ್ನ ಬಿಸಿ ಚಹಾದ ಲೋಟವನ್ನು ಅವಳ ಕೈಗಿಡುತ್ತಿದ್ದ.

ಏಳನೇ ವಾರ, ಡಾಕ್ಟರ ವೇಷದಲ್ಲಿ, ಅವಳಿಗೆ ಮಾತೇ ಮರೆತುಹೋಯಿತು. ಸಭೆ ಸ್ತಬ್ಧ... ಆ ಮೌನದಲ್ಲಿ ಅವನೊಬ್ಬನೇ ಗಹಗಹಿಸಿ ನಕ್ಕ!

ಅಲ್ಲಿ ಕೆಂಪು ಗುರುತಿರಲಿಲ್ಲ. ಅವಳಿಗದು ಚೆನ್ನಾಗಿ ಗೊತ್ತಿತ್ತು.

'ಹಾಗಾದರೆ ನಕ್ಕಿದ್ದು ನನ್ನನ್ನು ನೋಡಿ!'

ಓಡಿಹೋದವಳು ಮತ್ತೆ ಯಾವ ವೇದಿಕೆಯನ್ನೂ ಹತ್ತಲಿಲ್ಲ.

"ಹಳೇ ಟೇಪುಗಳನ್ನ ನೋಡ್ಕೊಳ್ಳೋದು ಈಗ ನನ್ನ ಕೆಲಸ," ಅಂದ ಅವನು ಮೆಲ್ಲಗೆ. "ಟೇಪ್ ಸಿಕ್ಕಿದೆ ಅಂತ ನಿಮಗೆ ಫೋನ್ ಮಾಡಿಸಿದ್ದೂ ನಾನೇ. ಬೇಡ ಅಂದ್ರೆ ಅಳಿಸ್ತೀನಿ. ಒಂದು ಸಲ ನೋಡಿ."

"ನನ್ನ ಮಾನ ಹೋಗಿದ್ದನ್ನ ಎರಡು ಸಲ ನೋಡ್ಬೇಕಾ? ಇನ್ನೂ ನಗೋ ಆಸೇನಾ ನಿಮಗೆ?"

"ಇರೋದು ಇದೊಂದೇ ಪ್ರತಿ... ಒಂದೇ ನಿಮಿಷ. ದಮ್ಮಯ್ಯ!"

ಪರದೆ ಬೆಳಗಿತು. ಅವಳು ಕೂತು ಕುರ್ಚಿಯ ಕೈ ಬಿಗಿಯಾಗಿ ಹಿಡಿದಳು. ಅದೇ ನಡುಗುವ ತುಟಿ... ಕಣ್ಣು ಮುಚ್ಚಿಬಿಡಲೇ?

ಅಷ್ಟರಲ್ಲಿ ಕ್ಯಾಮೆರಾ ಸಭೆಯತ್ತ ತಿರುಗಿತು.

ಅವನ ಬಾಯಿ ನಗುತ್ತಿತ್ತು. ಕಣ್ಣು ತುಂಬಿ ಹರಿಯುತ್ತಿತ್ತು! ಅಕ್ಕಪಕ್ಕದವರತ್ತ ತಿರುಗಿ ತಿರುಗಿ, ಕೈಮುಗಿದು, 'ನೀವೂ ನಗ್ರಪ್ಪಾ' ಎಂದು ಬೇಡುತ್ತಿದ್ದ. ಒಬ್ಬ ನಕ್ಕ. ಒಂದು ಸಾಲು ನಕ್ಕಿತು. ವೇದಿಕೆಯಲ್ಲಿ ಡಾಕ್ಟರಮ್ಮ ಓಡಿದಳು. ಮಂಚದ ಮೇಲಿನ ರೋಗಿ ಎದ್ದು ಕೂಗಿದ: "ಡಾಕ್ಟ್ರೇ, ಓಡ್ಬೇಕಾದವನು ನಾನು!"

ಸಭೆಗೆ ಸಭೆಯೇ ಚಪ್ಪಾಳೆ ತಟ್ಟಿತು. ಅವಳು ಮಾತು ಮರೆತದ್ದು ಯಾರಿಗೂ ತಿಳಿದೇ ಇರಲಿಲ್ಲ.

"ಯಾಕೆ ಹೇಳ್ಲಿಲ್ಲ...?"

"ನಿಮ್ಮನೆ ಬಾಗಿಲ ತನಕ ಬಂದಿದ್ದೆ. ನನ್ನ ದನಿ ಕೇಳಿದ್ದೇ ಒಳಗೆ ಅಳೋಕೆ ಶುರು ಮಾಡಿದ್ರಿ. ಹೆದರಿಬಿಟ್ಟೆ. ಇವತ್ತೂ ಭಯಾನೇ."

"ಮನೇಲಿ... ಯಾರಿದಾರೆ?"

"ಅಕ್ಕ. ಪಾಪ, ನನಗೆ ಇನ್ನೂ ಹೆಣ್ಣು ಹುಡುಕ್ತಾನೇ ಇದಾಳೆ."

ಅವಳು ಕುರ್ಚಿಯ ಕೈ ಬಿಟ್ಟಳು. "ಅಮ್ಮ ಹೋದ್ಮೇಲೆ ನಮ್ಮನೇಲಿ ನನಗೆ ಹುಡುಕೋರೂ ಇಲ್ಲ."

ಅವನು ತನ್ನ ಚಹಾದ ಲೋಟವನ್ನು ಅವಳ ಕೈಗಿಟ್ಟ.

"ನಿಮ್ಮ ಬೆರಳು ಇನ್ನೂ ತಣ್ಣಗೇ ಇವೆ," ಅಂದ.

"ಭಯ ಆಗ್ತಿದೆ. ಏನು ಹೇಳ್ಬೇಕೋ... ಮತ್ತೆ ಮರೆತುಹೋಯ್ತು."

"ನಾನೇನು ಮಾಡ್ಲಿ?"

ಅವಳು ಚೀಲದಿಂದ ಕೆಂಪು ಪೆನ್ನು ತೆಗೆದು, ಅವನ ಅಂಗೈಯಲ್ಲೊಂದು ಗುರುತು ಹಾಕಿದಳು.

"ಮೊದಲು ನೀವು ನಗಿ. ಆಮೇಲೆ ನಾನು."