ಚಿಲ್ಲರೆ ಇಲ್ಲ, ನಾಳೆ ಬನ್ನಿ

"ಇನ್ಮೇಲೆ ಚಿಲ್ಲರೆ ತಾಪತ್ರಯ ಇಲ್ಲ ನೋಡಿ, ಮೇಡಂ!"

ಇಸ್ತ್ರಿ ಅಂಗಡಿಯವನು ಕಂಬಕ್ಕೆ ಅಂಟಿಸಿದ್ದ ಹೊಸ ಕ್ಯೂಆರ್ ಸ್ಟಿಕ್ಕರ್ ತೋರಿಸಿದ. ಅದಿಲ್ಲವೆಂದೇ ಗಿರಾಕಿಗಳು ಎದುರಂಗಡಿಗೆ ಹೋಗುತ್ತಿದ್ದರು.

ಎದುರಿಗೆ ನಿಂತವಳು ಆಸ್ಪತ್ರೆಯ ನರ್ಸ್. ಊರೆಲ್ಲ ಅವಳನ್ನು ಸಿಸ್ಟರ್ ಎಂದರೆ ಇವನೊಬ್ಬ ಮಾತ್ರ ಮೇಡಂ ಎನ್ನುತ್ತಿದ್ದ. ಕಾರಣ ಬಿಡಿಸಿ ಹೇಳಬೇಕೇ!

ತಾಪತ್ರಯ! ಎರಡು ವರ್ಷದಿಂದ ಅವಳು ಪರ್ಸಿನ ತಳದಲ್ಲಿ ಚಿಲ್ಲರೆ ಬಚ್ಚಿಟ್ಟು ದೊಡ್ಡ ನೋಟನ್ನೇ ಚಾಚುತ್ತಿದ್ದಳು. ಅವನು ಗಲ್ಲಾ ತೆರೆದೂ ನೋಡದೆ "ಚಿಲ್ಲರೆ ಇಲ್ಲ, ನಾಳೆ ಬನ್ನಿ" ಎನ್ನುತ್ತಿದ್ದ. ಆ ನಾಳೆಗಾಗಿಯೇ ಸುಕ್ಕಿಲ್ಲದ ಯೂನಿಫಾರ್ಮನ್ನೂ ಇಸ್ತ್ರಿಗೆ ತರುತ್ತಿದ್ದಳು.

'ಹಾಗಾದರೆ ನಾನು ಬರುವುದೇ ಇವನಿಗೆ ತಾಪತ್ರಯವಾ?'

ಮುನಿಸಿಕೊಂಡೇ ಮೊಬೈಲ್ ತೆಗೆದು ಸ್ಕ್ಯಾನ್ ಮಾಡಿದಳು. ಪರದೆಯ ಮೇಲೆ ಹಣ ಪಡೆಯುವವರ ಹೆಸರು ಬಂತು.

ಹೆಂಗಸಿನ ಹೆಸರು! ಅದರ ಪಕ್ಕದಲ್ಲೇ ಅಂಗಡಿಯ ಬೋರ್ಡಿನಲ್ಲಿದ್ದ ಅದೇ ಮನೆತನದ ಹೆಸರು...

ಇವರು ಯಾರು ಎಂದು ಕೇಳಿದ್ದರೆ ಬಾಯಿ ಸವೆಯುತ್ತಿತ್ತೇ? ಆದರೆ ಅವಳ ಕೋಪವೋ, ಸದಾ ಮೂಗಿನ ತುದಿಯಲ್ಲೇ. ಹಣದ ಜೊತೆ ಸಂದೇಶ ಬರೆಯುವ ಜಾಗದಲ್ಲಿ ಹೀಗೆ ಒತ್ತಿ ಕಳಿಸಿದಳು: "ಮದುವೆಯಾಗಿದೆ ಅಂತ ಒಂದು ಮಾತು ಹೇಳಬಹುದಿತ್ತು. ಇನ್ನು ಬರಲ್ಲ."

ಯೂನಿಫಾರ್ಮನ್ನೂ ಅಲ್ಲೇ ಬಿಟ್ಟು ಸರಸರನೆ ನಡೆದುಬಿಟ್ಟಳು.

ಎಂಟು ದಿನ ಆ ಬೀದಿಗೆ ಕಾಲಿಡಲಿಲ್ಲ.

"ಏನಮ್ಮ, ಯೂನಿಫಾರ್ಮ್ ಹಾಕ್ಕೊಂಡೇ ಮಲಗಿದ್ಯಾ?" ಎಂದು ಹೆಡ್ ನರ್ಸ್ ಗದರಿದಾಗ, ಔಷಧಿ ಕೋಣೆಗೆ ಹೋಗಿ ಅತ್ತು ಬಂದಳು.

ಒಂಬತ್ತನೆಯ ದಿನ ಇಂಜೆಕ್ಷನ್ ಕೋಣೆಯ ಬಾಗಿಲಲ್ಲಿ ಹೆಂಗಸೊಬ್ಬಳು ನಿಂತಿದ್ದಳು.

"ಇದನ್ನ ಕಳಿಸಿದ್ದು ನೀವೇನಾ?"

ಅವಳ ಮೊಬೈಲಿನಲ್ಲಿ ಅದೇ ಸಂದೇಶ! ಅದು ಹೋಗಿದ್ದು ಅವನಿಗಲ್ಲ, ಇವಳಿಗೆ. ನರ್ಸ್ ಕೈಯಲ್ಲಿದ್ದ ಸಿರಿಂಜ್ ಕೆಳಗಿಟ್ಟಳು.

"ಅಕ್ಕಾ, ಕ್ಷಮಿಸಿ... ನಿಮ್ಮ ಸಂಸಾರ ಹಾಳು ಮಾಡಬೇಕು ಅಂತ ಅಲ್ಲ..."

"ನನ್ನ ಗಂಡ ಹೋಗಿ ಮೂರು ವರ್ಷ ಆಯ್ತಮ್ಮ. ಅವನು ನನ್ನ ಮೈದುನ."

ನರ್ಸ್ ಕುರ್ಚಿ ಎಳೆದು ಅವಳನ್ನು ಕೂರಿಸಿದಳು.

"ಅದು ಅವನ ಅಣ್ಣನ ಅಂಗಡಿ. ದುಡಿದದ್ದೆಲ್ಲ ನನ್ನ ಅಕೌಂಟಿಗೇ ಬೀಳ್ಬೇಕು ಅಂತ ಹಠ. ನನ್ನ ಮಗಳು ಓದ್ಬೇಕಲ್ಲ... ನನಗೆ ಓದೋಕೆ ಬರಲ್ಲ, ನಿಮ್ಮ ಮೆಸೇಜನ್ನ ನಿನ್ನೆ ಅವಳೇ ಓದಿ ಹೇಳಿದ್ಲು. ಅಂಗಡೀಲಿ ಬಿಟ್ಟಿದ್ದ ನಿಮ್ಮ ಯೂನಿಫಾರ್ಮ್ ನೋಡಿ ಆಸ್ಪತ್ರೆಗೆ ಹುಡುಕ್ಕೊಂಡು ಬಂದೆ. ಅವನಿಗಿನ್ನೂ ಗೊತ್ತಿಲ್ಲ. ಊಟ ಸೇರ್ತಿಲ್ಲ, ಮೂರು ಶರ್ಟ್ ಸುಟ್ಟಿದ್ದಾನೆ. ಹೀಗೇ ಆದ್ರೆ ಅಂಗಡಿ ಮುಚ್ಚಬೇಕಷ್ಟೆ!"

ಆ ಸಂಜೆಯೇ ನರ್ಸ್ ಅಂಗಡಿಯ ಮುಂದೆ ನಿಂತಳು. ಅವಳ ಯೂನಿಫಾರ್ಮ್ ಮೊಳೆಯಲ್ಲಿ ನೇತಾಡುತ್ತಿತ್ತು.

"ದಿನಾ ಹೊಸದಾಗಿ ಇಸ್ತ್ರಿ ಮಾಡಿಡ್ತಿದ್ದೆ... ಇವತ್ತಾದ್ರೂ ಬರ್ತೀರಾ ಅಂತ," ಎಂದ.

"ನಿಮ್ಮ ಅತ್ತಿಗೆ ಬಂದಿದ್ರು."

ಅವನ ಮುಖ ಬಿಳಿಚಿತು. "ಹಾಗಾದ್ರೆ ಗೊತ್ತಾಯ್ತಲ್ಲ. ಈ ಅಂಗಡೀಲಿ ನಂದು ಅಂತ ಒಂದು ಕಾಸಿಲ್ಲ. ಅಣ್ಣನ ಮಗಳ ಓದು ಮುಗಿಯೋವರೆಗೂ ಹೀಗೇ. ಯಾವ ಮುಖ ಇಟ್ಕೊಂಡು ಕೇಳ್ಲಿ?"

"ಏನು ಕೇಳೋದಿತ್ತು?"

ಅವನು ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟ. ಇನ್ನೊಂದು ಶರ್ಟ್ ಸುಡುವುದು ಬೇಡವೆಂದೋ ಏನೋ.

"ನನ್ನ ಜೊತೆ ಬಾಳ್ತೀರಾ ಅಂತ."

ಅವಳ ಕಣ್ಣು ತುಂಬಿ ಬಂತು.

"ನನಗೂ ಸಂಬಳ ಬರುತ್ತೆ. ಇಬ್ಬರ ಹೊಟ್ಟೆಗೆ ಸಾಕು. ಸ್ಟಿಕ್ಕರ್ ಅತ್ತಿಗೆ ಹೆಸರಲ್ಲೇ ಇರಲಿ."

ಕಣ್ಣೊರೆಸಿಕೊಂಡು, ಪರ್ಸಿನಿಂದ ದೊಡ್ಡ ನೋಟು ತೆಗೆದು ಚಾಚಿದಳು.

"ಸ್ಕ್ಯಾನ್ ಮಾಡಬಹುದಲ್ಲ?"

"ಅದು ಗಿರಾಕಿಗಳಿಗೆ."

ಅವನು ಗಲ್ಲಾದ ಕಡೆ ತಿರುಗಿಯೂ ನೋಡಲಿಲ್ಲ.

"ಚಿಲ್ಲರೆ ಇಲ್ಲ... ನಾಳೆ ಬನ್ನಿ."

"ನಾಳೆ ಒಂದು ದಿನ ಬಂದ್ರೆ ಸಾಕಾ?"

"ಸಾಲಲ್ಲ," ಎಂದ ಅವನು.